ರಕ್ತ ಕೊಟ್ಟ ಮೇಲೆ ಬವಳಿ ಬಿದ್ದವರು ಮತ್ತೆ ಕೊಡಬಹುದೇ?

ಪ್ರಶ್ನೆ: ನನಗೆ 24 ವರ್ಷ, ತೂಕ 52 ಕಿಲೋ. ಹಾಸನದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿರುವ ವಿದ್ಯಾರ್ಥಿನಿ ನಾನು. ಮೂರು ತಿಂಗಳ ಹಿಂದೆ ಕಾಲೇಜಿನ ಶಿಬಿರದಲ್ಲಿ ಮೊದಲ ಬಾರಿಗೆ ರಕ್ತದಾನ ಮಾಡಿದೆ. ಅಂದು ಬೆಳಿಗ್ಗೆ ಒಂದು ಲೋಟ ಕಾಫಿ ಬಿಟ್ಟರೆ ಬೇರೇನೂ ಸೇವಿಸಿರಲಿಲ್ಲ. ರಕ್ತ ಕೊಡುವಾಗ ಏನೂ ಆಗಲಿಲ್ಲ. ಆದರೆ ಸುಮಾರು ಒಂದು ಗಂಟೆಯ ನಂತರ ಬಸ್ ನಿಲ್ದಾಣದಲ್ಲಿ ಬಿಸಿಲಿಗೆ ನಿಂತಿದ್ದಾಗ ಕಣ್ಣು ಕತ್ತಲೆ ಬಂದು ಕುಸಿದುಬಿದ್ದೆ. ಮುಂದಿನ ಕೆಲವು ವಾರ ಮೆಟ್ಟಿಲು ಹತ್ತಿದರೆ ಬೇಗ ಆಯಾಸವಾಗುತ್ತಿತ್ತು. ಅಮ್ಮ ದಿನವೂ ದಾಳಿಂಬೆ, ಬೀಟ್‌ರೂಟ್ ಕೊಡುತ್ತಿದ್ದಾರೆ ಮತ್ತು ಇನ್ನು ಮುಂದೆ ರಕ್ತದಾನವೇ ಬೇಡ ಎನ್ನುತ್ತಿದ್ದಾರೆ. ಮುಂದಿನ ವಾರ ಇನ್ನೊಂದು ಶಿಬಿರವಿದೆ. ನಾನು ಕೊಡಬಹುದೇ? ಕೊಡುವುದಾದರೆ ಹೇಗೆ ಸಿದ್ಧವಾಗಬೇಕು?

ಉತ್ತರ: ಮುಂದಿನ ವಾರದ ಶಿಬಿರದಲ್ಲಿ ದಯವಿಟ್ಟು ಕೊಡಬೇಡಿ. ನಮ್ಮ ದೇಶದ ನಿಯಮದಂತೆ ಎರಡು ರಕ್ತದಾನಗಳ ನಡುವೆ ಪುರುಷರಿಗೆ ಕನಿಷ್ಠ 90 ದಿನ, ಮಹಿಳೆಯರಿಗೆ ಕನಿಷ್ಠ 120 ದಿನಗಳ ಅಂತರವಿರಬೇಕು. ‘ಮೂರು ತಿಂಗಳಿಗೊಮ್ಮೆ ಕೊಡಬಹುದು’ ಎಂದು ಶಿಬಿರಗಳಲ್ಲಿ ಎಲ್ಲರಿಗೂ ಸಾರಾಸಗಟಾಗಿ ಹೇಳುವುದುಂಟು. ಅದು ಪುರುಷರ ಲೆಕ್ಕ. ನಿಮ್ಮ ನಾಲ್ಕು ತಿಂಗಳು ಇನ್ನೂ ತುಂಬಿಲ್ಲ. ಅದು ತುಂಬಿದ ಮೇಲೂ, ನಿಮ್ಮ ಆಯಾಸದ ಕಾರಣ ತಿಳಿದುಕೊಂಡು, ಅಗತ್ಯವಿದ್ದರೆ ಸರಿಪಡಿಸಿಕೊಂಡು ಹೋಗುವುದು ಒಳ್ಳೆಯದು. ಒಮ್ಮೆ ಬವಳಿ ಬಂದ ಮಾತ್ರಕ್ಕೆ ಜೀವನವಿಡೀ ರಕ್ತದಾನಕ್ಕೆ ಅನರ್ಹರಾದಿರಿ ಎಂದು ತಿಳಿಯಬೇಕಾಗಿಲ್ಲ. ಆದರೆ ಮುಂದಿನ ಸಲ ಅರ್ಜಿ ತುಂಬುವಾಗ ಈ ಘಟನೆಯನ್ನು ಮುಚ್ಚಿಡದೆ ಅಲ್ಲಿನ ವೈದ್ಯರಿಗೆ ತಿಳಿಸಿ, ನಿರ್ಧಾರ ಅವರದಾಗಿರಲಿ.

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಂದಾಗಿ ಬೆರೆತಿವೆ. ಅವನ್ನು ಬಿಡಿಸಿ ನೋಡಿದರೆ ಏನು ಮಾಡಬೇಕೆಂಬುದು ತಾನಾಗಿ ಸ್ಪಷ್ಟವಾಗುತ್ತದೆ. ರಕ್ತ ಕೊಟ್ಟಾಗ ದೇಹ ಮುಖ್ಯವಾಗಿ ಎರಡನ್ನು ಕಳೆದುಕೊಳ್ಳುತ್ತದೆ: ಒಂದು ದ್ರವ, ಇನ್ನೊಂದು ಕಬ್ಬಿಣ. ದ್ರವ ಒಂದೆರಡು ದಿನಗಳಲ್ಲಿ ಮರಳಿ ತುಂಬುತ್ತದೆ. ಕೆಂಪು ರಕ್ತಕಣಗಳು ಮತ್ತೆ ಮೊದಲಿನ ಮಟ್ಟಕ್ಕೆ ಬರಲು ಒಂದರಿಂದ ಎರಡು ತಿಂಗಳು ಬೇಕು, ಅವುಗಳ ತಯಾರಿಕೆಗೆ ಖರ್ಚಾದ ಕಬ್ಬಿಣ ತುಂಬಿಕೊಳ್ಳಲು ಅದಕ್ಕಿಂತಲೂ ಹೆಚ್ಚು ಕಾಲ ಹಿಡಿಯುತ್ತದೆ. ಬಸ್ ನಿಲ್ದಾಣದಲ್ಲಿ ನೀವು ಬಿದ್ದದ್ದು ಮೊದಲನೆಯದಕ್ಕೆ ಸಂಬಂಧಿಸಿದ್ದು. ಮೆಟ್ಟಿಲು ಹತ್ತುವಾಗಿನ ಆಯಾಸ ಬಹುತೇಕ ಎರಡನೆಯದಕ್ಕೆ. ಒಂದಕ್ಕೆ ನೀರು, ಉಪ್ಪು, ವಿಶ್ರಾಂತಿ ಬೇಕು. ಇನ್ನೊಂದಕ್ಕೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ದಾಳಿಂಬೆ ಇವೆರಡರಲ್ಲಿ ಯಾವುದಕ್ಕೂ ಹೆಚ್ಚಿನ ನೆರವಾಗುವುದಿಲ್ಲ. ಏಕೆಂಬುದನ್ನು ಮುಂದೆ ವಿವರಿಸುತ್ತೇನೆ.

ಮೊದಲು ಬವಳಿಯ ವಿಷಯ. 52 ಕಿಲೋ ತೂಕದ ಮಹಿಳೆಯ ದೇಹದಲ್ಲಿ ಸುಮಾರು ಮೂರೂವರೆ ಲೀಟರ್‌ನಷ್ಟು ರಕ್ತವಿರುತ್ತದೆ. 45 ಕಿಲೋಗಿಂತ ಕಡಿಮೆ ತೂಕದವರಿಂದ ರಕ್ತ ತೆಗೆಯುವಂತಿಲ್ಲ, 55 ಕಿಲೋ ದಾಟಿದವರಿಂದ ಮಾತ್ರ 450 ಮಿ.ಲೀ. ತೆಗೆಯಬಹುದು, ಆದ್ದರಿಂದ ನಿಮ್ಮಿಂದ 350 ಮಿ.ಲೀ. ತೆಗೆದಿರುತ್ತಾರೆ. ಅಂದರೆ ಐದಾರು ನಿಮಿಷಗಳಲ್ಲಿ ನಿಮ್ಮ ಒಟ್ಟು ರಕ್ತದ ಹತ್ತರಲ್ಲೊಂದು ಪಾಲು ಹೊರಗೆ ಹೋಗಿದೆ. ಆರೋಗ್ಯವಂತ ದೇಹ ಇಷ್ಟನ್ನು ರಕ್ತನಾಳಗಳನ್ನು ತುಸು ಬಿಗಿಗೊಳಿಸಿ, ಹೃದಯದ ಬಡಿತವನ್ನು ಸ್ವಲ್ಪ ಹೆಚ್ಚಿಸಿ ಸರಿದೂಗಿಸಿಕೊಳ್ಳುತ್ತದೆ. ಕೆಲವರಲ್ಲಿ ಕೆಲವೊಮ್ಮೆ ಈ ವ್ಯವಸ್ಥೆ ತಿರುಗಿಬಿಡುತ್ತದೆ: ವೇಗಸ್ ಎಂಬ ನರದ ಪ್ರಭಾವ ಹೆಚ್ಚಾಗಿ ಹೃದಯ ನಿಧಾನವಾಗುತ್ತದೆ, ಬಿಗಿಯಾಗಬೇಕಿದ್ದ ರಕ್ತನಾಳಗಳು ಸಡಿಲಗೊಳ್ಳುತ್ತವೆ, ರಕ್ತದೊತ್ತಡ ಥಟ್ಟನೆ ಇಳಿಯುತ್ತದೆ ಮತ್ತು ಮಿದುಳಿಗೆ ಕ್ಷಣಕಾಲ ರಕ್ತ ಸಾಲದೆ ಎಚ್ಚರ ತಪ್ಪುತ್ತದೆ. ಇದು ಹೃದ್ರೋಗವಲ್ಲ, ಅಪಸ್ಮಾರವೂ ಅಲ್ಲ. ಚಿಕ್ಕ ವಯಸ್ಸು, ಮೊದಲ ಬಾರಿಯ ದಾನ, ಕಡಿಮೆ ತೂಕ, ಖಾಲಿ ಹೊಟ್ಟೆ, ನಿದ್ದೆಗೆಟ್ಟ ರಾತ್ರಿ, ಸೂಜಿಯ ಭಯ ಇವೆಲ್ಲ ಅದರ ಸಂಭವವನ್ನು ಹೆಚ್ಚಿಸುತ್ತವೆ. ಇವುಗಳಲ್ಲಿ ಕನಿಷ್ಠ ನಾಲ್ಕು ಅಂದು ನಿಮ್ಮ ಪಾಲಿಗೆ ಒಟ್ಟಾಗಿದ್ದವು.

ಮಂಚದ ಮೇಲೆ ಏನೂ ಆಗದೆ ಗಂಟೆಯ ನಂತರ ಬಿದ್ದದ್ದೇಕೆ ಎಂಬುದು ನಿಮ್ಮನ್ನು ಕಾಡಿರಬಹುದು. ಮಲಗಿರುವಾಗ ಕಾಲು ಮತ್ತು ತಲೆ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುವುದರಿಂದ ಮಿದುಳಿಗೆ ರಕ್ತ ತಲುಪಲು ಕಷ್ಟವಾಗುವುದಿಲ್ಲ. ಕದಲದೆ ನಿಂತಾಗ ರಕ್ತ ಕಾಲುಗಳಲ್ಲಿ ತಂಗುತ್ತದೆ. ನಡೆಯುವಾಗ ಅದನ್ನು ಮೇಲಕ್ಕೆ ತಳ್ಳುವ ಮೀನಖಂಡದ ಸ್ನಾಯುಗಳು ನಿಂತಲ್ಲಿ ಕೆಲಸ ಮಾಡುವುದಿಲ್ಲ. ಅದರ ಮೇಲೆ ಬಿಸಿಲು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬೆವರು ಇನ್ನಷ್ಟು ದ್ರವವನ್ನು ಕಸಿಯುತ್ತದೆ. ಹೀಗೆ ತಡವಾಗಿ ಬರುವ ಬವಳಿಯ ಬಗ್ಗೆ ನನಗೆ ಹೆಚ್ಚು ಆತಂಕ, ಏಕೆಂದರೆ ಶಿಬಿರದ ಮಂಚದ ಮೇಲೆ ಬವಳಿ ಬಂದವರನ್ನು ನೋಡಿಕೊಳ್ಳಲು ಪಕ್ಕದಲ್ಲೇ ಜನರಿರುತ್ತಾರೆ. ರಸ್ತೆಯಲ್ಲಿ, ಮೆಟ್ಟಿಲ ಮೇಲೆ, ದ್ವಿಚಕ್ರ ವಾಹನದ ಮೇಲೆ ಬವಳಿ ಬಂದವರಿಗೆ ಪೆಟ್ಟಾಗುವುದು ಬವಳಿಯಿಂದಲ್ಲ, ಬೀಳುವುದರಿಂದ.

ಇದನ್ನು ತಡೆಯಲು ಮಾಡಬೇಕಾದದ್ದು ಬಹಳ ಸರಳ. ಹಿಂದಿನ ದಿನದಿಂದಲೇ ನೀರು, ಮಜ್ಜಿಗೆ, ಎಳನೀರುಗಳನ್ನು ಎಂದಿಗಿಂತ ತುಸು ಹೆಚ್ಚಾಗಿ ಕುಡಿಯಿರಿ, ಮದ್ಯವನ್ನು ಸಂಪೂರ್ಣವಾಗಿ ದೂರವಿಡಿ, ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಪರೀಕ್ಷೆಗೆ ಓದುತ್ತಾ ರಾತ್ರಿ ಕಳೆದವರು ಅಥವಾ ರಾತ್ರಿ ಪಾಳಿ ಮುಗಿಸಿದವರು ಅದೇ ಬೆಳಿಗ್ಗೆ ಶಿಬಿರಕ್ಕೆ ಬರುವುದು ಸರಿಯಲ್ಲ. ದಾನದ ದಿನ, ಅದಕ್ಕೆ ಎರಡು ಮೂರು ಗಂಟೆ ಮುಂಚೆ ಹೊಟ್ಟೆ ತುಂಬ ತಿಂಡಿ ತಿನ್ನಿ. ಇಡ್ಲಿ, ಉಪ್ಪಿಟ್ಟು, ಅವಲಕ್ಕಿ, ರಾಗಿ ಅಂಬಲಿ ಯಾವುದಾದರೂ ಆದೀತು. ಪೂರಿ, ವಡೆ, ಬೆಣ್ಣೆ ದೋಸೆಯಂತಹ ಜಿಡ್ಡಿನ ತಿಂಡಿ ಅಂದು ಬೇಡ. ಕೊಬ್ಬು ಹೆಚ್ಚಾದ ರಕ್ತದ ಪ್ಲಾಸ್ಮಾ (ರಕ್ತದ ದ್ರವಭಾಗ) ಹಾಲಿನಂತೆ ಬೆಳ್ಳಗಾಗಿ, ಅದರ ಮೇಲೆ ನಡೆಸುವ ಪರೀಕ್ಷೆಗಳಿಗೆ ತೊಡಕಾಗಬಹುದು, ಕೆಲವೊಮ್ಮೆ ಆ ಪ್ಲಾಸ್ಮಾವನ್ನೇ ಬಿಸಾಡಬೇಕಾಗಬಹುದು. ಉಪವಾಸದ ದಿನಗಳ ಬಗ್ಗೆ ವಿಶೇಷವಾಗಿ ಹೇಳಬೇಕು: ಶ್ರಾವಣದ ಸೋಮವಾರ, ಏಕಾದಶಿ, ರಂಜಾನ್‌ನ ಹಗಲು ಇವು ರಕ್ತದಾನಕ್ಕೆ ತಕ್ಕ ಹೊತ್ತಲ್ಲ. ಉಪವಾಸವಿದ್ದು ದಾನ ಕೊಟ್ಟರೆ ಪುಣ್ಯ ಹೆಚ್ಚು ಎಂದು ನಂಬಿ ಬರುವ ಸಜ್ಜನರ ಶ್ರದ್ಧೆಗೆ ಗೌರವವಿದೆ, ಆದರೆ ಅವರನ್ನು ಮರುದಿನ ಬರಲು ವಿನಂತಿಸುವುದೇ ನಮ್ಮ ಕರ್ತವ್ಯ.

ಸೂಜಿ ಚುಚ್ಚುವುದಕ್ಕೆ 15ರಿಂದ 30 ನಿಮಿಷ ಮೊದಲು ಸುಮಾರು ಅರ್ಧ ಲೀಟರ್ ನೀರನ್ನು ಒಟ್ಟಿಗೆ ಕುಡಿಯುವುದನ್ನು ಮಾತ್ರ ಯಾವ ಕಾರಣಕ್ಕೂ ಮರೆಯಬೇಡಿ. ಈ ನೀರು ರಕ್ತದ ಪ್ರಮಾಣವನ್ನು ಆ ಕ್ಷಣವೇ ಹೆಚ್ಚಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದಕ್ಕಿಂತ ಮುಖ್ಯವಾದ ಕೆಲಸ ಬೇರೊಂದಿದೆ: ಹೊಟ್ಟೆಗೆ ಒಮ್ಮೆಲೇ ಬಿದ್ದ ನೀರು ರಕ್ತನಾಳಗಳನ್ನು ಬಿಗಿಗೊಳಿಸುವ ನರಗಳನ್ನು ಎಚ್ಚರಿಸುತ್ತದೆ, ಇದರಿಂದ ರಕ್ತದೊತ್ತಡ ಕೆಲಹೊತ್ತು ಕುಸಿಯದೆ ನಿಲ್ಲುತ್ತದೆ. ಯುವ ದಾನಿಗಳಲ್ಲಿ ಇದರಿಂದ ಬವಳಿ ಕಡಿಮೆಯಾಗುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಬೆಳಗಿನ ತಿಂಡಿಯ ಜೊತೆ ಸ್ವಲ್ಪ ಉಪ್ಪಿನಂಶ ಹೊಟ್ಟೆಗೆ ಹೋಗುವುದೂ ಒಳ್ಳೆಯದು, ರಕ್ತದೊತ್ತಡದ ಕಾಯಿಲೆಗೆ ಉಪ್ಪು ಕಡಿಮೆ ಮಾಡಲು ಹೇಳಿಸಿಕೊಂಡವರನ್ನು ಬಿಟ್ಟು. ಕಾಫಿಯನ್ನು ನೀರಿನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ.

ಮಂಚದ ಮೇಲೆ ಮಲಗಿದಾಗ ಮಾಡಬಹುದಾದ ಒಂದು ವ್ಯಾಯಾಮವಿದೆ. ಕಾಲುಗಳನ್ನು ಒಂದರ ಮೇಲೊಂದು ಹಾಕಿ, ತೊಡೆ ಮತ್ತು ಹೊಟ್ಟೆಯ ಸ್ನಾಯುಗಳನ್ನು ಐದಾರು ಸೆಕೆಂಡು ಬಿಗಿಹಿಡಿದು ಸಡಿಲಿಸಬೇಕು. ಹೀಗೆ ಸೂಜಿ ಹಾಕಿದಾಗಿನಿಂದ ಎದ್ದು ಕೂರುವವರೆಗೆ ಬಿಟ್ಟುಬಿಟ್ಟು ಮಾಡುತ್ತಿದ್ದರೆ ಕಾಲಿನಲ್ಲಿರುವ ರಕ್ತ ಹೃದಯದ ಕಡೆಗೆ ಮರಳುತ್ತದೆ. ಉಸಿರು ಬಿಗಿಹಿಡಿಯಬಾರದು. ಆಕಳಿಕೆ, ತಣ್ಣನೆಯ ಬೆವರು, ವಾಕರಿಕೆ, ಕಿವಿಯಲ್ಲಿ ಗುಂಯ್‌ಗುಡುವಿಕೆ, ದೃಷ್ಟಿ ಮಂಜಾಗುವಿಕೆ ಇವು ಬವಳಿಯ ಮುನ್ಸೂಚನೆಗಳು. ಇವುಗಳಲ್ಲಿ ಒಂದು ಕಂಡರೂ ಸಂಕೋಚ ಬಿಟ್ಟು ಪಕ್ಕದಲ್ಲಿರುವ ಸಿಬ್ಬಂದಿಗೆ ಹೇಳಿ. ಗೆಳತಿಯರ ಮುಂದೆ ಧೈರ್ಯ ತೋರಿಸಬೇಕೆಂದು ಸುಮ್ಮನಿರುವ ವಿದ್ಯಾರ್ಥಿಗಳೇ ಹೆಚ್ಚಾಗಿ ತೊಂದರೆಗೆ ಸಿಲುಕುತ್ತಾರೆ. ಹಾಗೆಯೇ, ಮುಟ್ಟಿನ ದಿನಗಳಲ್ಲಿ ರಕ್ತದಾನವನ್ನು ಮುಂದೂಡಬೇಕೆಂದು ದಾನಿಗಳ ಆಯ್ಕೆಯ ಮಾರ್ಗಸೂಚಿಯೇ ಹೇಳುತ್ತದೆ. ಅದನ್ನು ಹೇಳಿ ಹಿಂದಿರುಗುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ದಾನ ಮುಗಿದ ಮೇಲೆ ಮಂಚದಿಂದ ಒಮ್ಮೆಲೇ ಎದ್ದು ನಿಲ್ಲಬೇಡಿ. ಒಂದೆರಡು ನಿಮಿಷ ಕಾಲು ಇಳಿಬಿಟ್ಟು ಕುಳಿತು, ನಂತರ ನಿಂತು, ಉಪಾಹಾರದ ಜಾಗಕ್ಕೆ ಹೋಗಿ. ಅಲ್ಲಿ ಕನಿಷ್ಠ ಕಾಲು ಗಂಟೆ ಕುಳಿತು ಹಣ್ಣಿನ ರಸ, ಬಿಸ್ಕತ್ತು ಸೇವಿಸುವುದು ಉಪಚಾರಕ್ಕಾಗಿ ಅಲ್ಲ, ನಿಮ್ಮ ಮೇಲೆ ನಿಗಾ ಇಡುವುದಕ್ಕಾಗಿ. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಹೊರಟುಬಿಡುವುದು ನಮ್ಮ ಶಿಬಿರಗಳ ದೊಡ್ಡ ದೌರ್ಬಲ್ಯವೆಂದು ನಾನು ಭಾವಿಸುತ್ತೇನೆ. ಆ ದಿನದ ಉಳಿದ ಭಾಗದಲ್ಲಿ ಬಿಸಿಲಿನಲ್ಲಿ ನಿಲ್ಲುವುದು, ಬಿಸಿನೀರಿನ ಎಣ್ಣೆಸ್ನಾನ, ಜಿಮ್, ಭಾರ ಎತ್ತುವುದು, ಮದ್ಯ ಇವೆಲ್ಲವನ್ನೂ ಬಿಡಬೇಕು. ಧೂಮಪಾನ ಮಾಡುವವರು ಕೊನೆಯ ಪಕ್ಷ ಮೊದಲ ಅರ್ಧ ಗಂಟೆಯಾದರೂ ಅದನ್ನು ಮುಟ್ಟಬಾರದು. ಬಸ್ಸಿಗೆ ಕಾಯಲೇಬೇಕಾದರೆ ನೆರಳಿನಲ್ಲಿ ಕುಳಿತು ಕಾಯಿರಿ, ನಿಮ್ಮ ವಿಷಯದಲ್ಲಂತೂ ಜೊತೆಗೊಬ್ಬರು ಇರಲಿ. ದೂರ ಪ್ರಯಾಣದ ವಾಹನ ಓಡಿಸುವವರು ಮುಂದಿನ ಪಾಳಿಗೆ 24 ಗಂಟೆ ಬಾಕಿ ಇದ್ದಾಗ ಮಾತ್ರ ರಕ್ತ ಕೊಡಬೇಕು.

ತಲೆ ಹಗುರವಾದಂತೆ ಅನಿಸಿದರೆ ಎಲ್ಲಿದ್ದೀರೋ ಅಲ್ಲೇ ಮಲಗಿ, ಚೀಲವನ್ನೋ ಇನ್ನೇನನ್ನೋ ಇಟ್ಟು ಕಾಲುಗಳನ್ನು ಎತ್ತರಿಸಿ. ಬಟ್ಟೆ ಕೊಳೆಯಾದೀತು, ಜನ ನೋಡಿಯಾರು ಎಂಬ ಸಂಕೋಚ ಆ ಹೊತ್ತಿಗೆ ಬೇಡ. ಸುತ್ತಲಿನವರು ಇಂಥವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸುತ್ತಾರೆ, ಬಾಯಿಗೆ ನೀರು ಹಾಕುತ್ತಾರೆ, ಕೈಗೆ ಬೀಗದಕೈ ಕೊಡುತ್ತಾರೆ. ಕೂರಿಸಿದರೆ ಮಿದುಳಿಗೆ ರಕ್ತ ತಲುಪುವುದು ಇನ್ನೂ ತಡವಾಗುತ್ತದೆ. ಎಚ್ಚರವಿಲ್ಲದವರ ಬಾಯಿಗೆ ಹಾಕಿದ ನೀರು ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಬವಳಿಯಲ್ಲಿ ಕೈಕಾಲು ಕೆಲವು ಸೆಕೆಂಡು ಅದುರುವುದೂ ಉಂಟು, ಅದನ್ನು ಮೂರ್ಛೆರೋಗವೆಂದು ತಪ್ಪು ತಿಳಿಯಬಾರದು. ಅಂಗಾತ ಮಲಗಿಸಿ, ಕಾಲು ಎತ್ತಿ ಹಿಡಿದರೆ ಹೆಚ್ಚಿನವರು ಒಂದೆರಡು ನಿಮಿಷಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಚೇತರಿಸಿಕೊಳ್ಳದಿದ್ದರೆ, ಎದೆನೋವು ಇದ್ದರೆ, ತಲೆಗೆ ಪೆಟ್ಟಾಗಿದ್ದರೆ 108ಕ್ಕೆ ಕರೆ ಮಾಡಬೇಕು.

ಇನ್ನು ಎರಡನೆಯ ವಿಷಯ. ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಮುಖ್ಯವಾದದ್ದು ಮತ್ತು ಇದರ ಬಗ್ಗೆ ದಾನಿಗಳಿಗೆ ಅತಿ ಕಡಿಮೆ ತಿಳಿಸಲಾಗುತ್ತಿದೆ. ಒಂದು ಗ್ರಾಂ ಹಿಮೋಗ್ಲೋಬಿನ್‌ನಲ್ಲಿ ಸುಮಾರು 3.4 ಮಿ.ಗ್ರಾಂ ಕಬ್ಬಿಣವಿರುತ್ತದೆ. ನಿಮ್ಮ ಹಿಮೋಗ್ಲೋಬಿನ್ ಅಂದು 13 (ಅಂದರೆ 100 ಮಿ.ಲೀ. ರಕ್ತದಲ್ಲಿ 13 ಗ್ರಾಂ) ಇತ್ತೆಂದು ಇಟ್ಟುಕೊಂಡರೆ, 350 ಮಿ.ಲೀ. ರಕ್ತದೊಂದಿಗೆ ಸುಮಾರು 155 ಮಿ.ಗ್ರಾಂ ಕಬ್ಬಿಣ ಹೋಗಿದೆ. ಆರೋಗ್ಯವಂತ ಮಹಿಳೆಯ ದೇಹದ ದಾಸ್ತಾನು 300 ಮಿ.ಗ್ರಾಂ ಆಸುಪಾಸಿನಲ್ಲಿರುತ್ತದೆ, ನಮ್ಮಲ್ಲಿ ಬಹಳ ಮಂದಿಗೆ ಅಷ್ಟೂ ಇರುವುದಿಲ್ಲ. ಊಟದಿಂದ ದೇಹ ದಿನಕ್ಕೆ ಹೀರಿಕೊಳ್ಳುವುದು ಒಂದೆರಡು ಮಿ.ಗ್ರಾಂ ಮಾತ್ರ, ಅದರಲ್ಲೂ ಹೆಚ್ಚಿನ ಪಾಲು ದಿನನಿತ್ಯದ ನಷ್ಟ ಮತ್ತು ಮುಟ್ಟಿನ ರಕ್ತಸ್ರಾವವನ್ನು ತುಂಬಲು ವ್ಯಯವಾಗುತ್ತದೆ. ಕೊರತೆಯಾದಾಗ ಹೀರಿಕೊಳ್ಳುವಿಕೆ ಸ್ವಲ್ಪ ಹೆಚ್ಚುವುದು ನಿಜ, ಆದರೂ ಉಳಿತಾಯ ಎಷ್ಟು ನಿಧಾನವೆಂದು ನೀವೇ ಊಹಿಸಬಹುದು. ಮಹಿಳೆಯರಿಗೆ 120 ದಿನಗಳ ಅಂತರವೇಕೆ ಎಂಬುದಕ್ಕೆ ಉತ್ತರವೂ ಇಲ್ಲಿಯೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ 57% ಮಂದಿಗೆ ರಕ್ತಹೀನತೆ ಕಂಡುಬಂತು. ಕರ್ನಾಟಕದಲ್ಲಿಯೂ ಹೆಚ್ಚು ಕಡಿಮೆ ಅರ್ಧದಷ್ಟು ಮಹಿಳೆಯರದು ಇದೇ ಸ್ಥಿತಿ.

‘ಅಂದು ನನ್ನ ಹಿಮೋಗ್ಲೋಬಿನ್ ನೋಡಿಯೇ ರಕ್ತ ತೆಗೆದರಲ್ಲ’ ಎಂದು ನೀವು ಕೇಳಬಹುದು. ನಿಜ, 12.5 ಇಲ್ಲದವರಿಂದ ರಕ್ತ ತೆಗೆಯುವುದಿಲ್ಲ. ಹಲವು ಶಿಬಿರಗಳಲ್ಲಿ ಬೆರಳಿನಿಂದ ತೆಗೆದ ರಕ್ತದ ಹನಿಯನ್ನು ನೀಲಿ ಬಣ್ಣದ ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಬಿಟ್ಟು, ಅದು ಮುಳುಗಿದರೆ ಅರ್ಹರೆಂದು ತೀರ್ಮಾನಿಸುತ್ತಾರೆ. ಆದರೆ ಹಿಮೋಗ್ಲೋಬಿನ್ ಎಂಬುದು ಒಲೆಯ ಮೇಲಿನ ಅನ್ನ, ದೇಹದ ಕಬ್ಬಿಣದ ದಾಸ್ತಾನು ಕಣಜದಲ್ಲಿರುವ ಭತ್ತ. ಇಂದಿನ ಅನ್ನ ಬೆಂದಿರುವುದನ್ನು ನೋಡಿ ಕಣಜದಲ್ಲಿ ಎಷ್ಟಿದೆ ಎಂದು ಹೇಳಲಾಗದು. ಕಣಜವನ್ನು ಅಳೆಯುವುದು ಫೆರಿಟಿನ್ ಎಂಬ ಬೇರೆಯೇ ಪರೀಕ್ಷೆ. ವಯಸ್ಕರಲ್ಲಿ ಅದು ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ದಾಸ್ತಾನು ಬರಿದಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. ಹಿಮೋಗ್ಲೋಬಿನ್ ಇಳಿಯುವ ಮೊದಲೇ ಫೆರಿಟಿನ್ ಇಳಿದಿರುತ್ತದೆ, ಆಯಾಸವೂ ಶುರುವಾಗಿರಬಹುದು. ನೀವು ಈಗ ಮಾಡಿಸಬೇಕಾದದ್ದು ಹಿಮೋಗ್ಲೋಬಿನ್ ಸಹಿತ ಪೂರ್ಣ ರಕ್ತಕಣ ಪರೀಕ್ಷೆ ಮತ್ತು ಫೆರಿಟಿನ್. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳಾಗಿ ಏರಿರುತ್ತದೆ, ಆದ್ದರಿಂದ ಆರೋಗ್ಯವಾಗಿರುವಾಗ ಮಾಡಿಸಿ.

ದಾಳಿಂಬೆ ಮತ್ತು ಬೀಟ್‌ರೂಟ್ ವಿಷಯದಲ್ಲಿ ನಿಮ್ಮ ತಾಯಿಯವರ ಕಾಳಜಿ ದೊಡ್ಡದು. ಕೆಂಪು ಬಣ್ಣದ ಆಹಾರ ರಕ್ತ ಕೊಡುತ್ತದೆ ಎಂಬ ನಂಬಿಕೆ ಮಾತ್ರ ಸರಿಯಲ್ಲ; ಅವೆರಡರಲ್ಲೂ ಕಬ್ಬಿಣ ನೂರು ಗ್ರಾಮಿಗೆ ಒಂದು ಮಿ.ಗ್ರಾಂ ಕೂಡ ಇರುವುದಿಲ್ಲ. ಅದೇ ಹಣಕ್ಕೆ ನಿಮ್ಮ ಅಡುಗೆಮನೆಯಲ್ಲಿ ಇದಕ್ಕಿಂತ ಒಳ್ಳೆಯ ವಸ್ತುಗಳು ಸಿಗುತ್ತವೆ. ಹುರುಳಿ, ಅಲಸಂದೆ, ಹೆಸರುಕಾಳು, ಎಳ್ಳು, ದಂಟಿನ ಸೊಪ್ಪು, ನುಗ್ಗೆ ಸೊಪ್ಪು, ರಾಗಿ ಇವುಗಳಲ್ಲಿ ಕಬ್ಬಿಣ ಹೆಚ್ಚು. ಆದರೆ ಸಸ್ಯಮೂಲದ ಕಬ್ಬಿಣ ಸುಲಭವಾಗಿ ಮೈಗೆ ಹತ್ತುವುದಿಲ್ಲ. ಕಾಳು ಮತ್ತು ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾಳನ್ನು ಮೊಳಕೆ ಕಟ್ಟುವುದು, ರಾಗಿಯನ್ನು ಮೊಳಕೆ ಬರಿಸಿ ಹಿಟ್ಟು ಮಾಡುವುದು, ಹಿಟ್ಟನ್ನು ಹುಳಿ ಬರಿಸುವುದು ಈ ತಡೆಯನ್ನು ಸಾಕಷ್ಟು ಕಡಿಮೆ ಮಾಡುತ್ತವೆ. ಮೊಳಕೆ ಹುರುಳಿಕಾಳಿನ ಸಾರಿನೊಂದಿಗೆ ಮುದ್ದೆ ಉಂಡು, ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಅಥವಾ ಜೊತೆಗೆ ಒಂದು ನೆಲ್ಲಿಕಾಯಿಯನ್ನೋ ಸೀಬೆಹಣ್ಣನ್ನೋ ತಿಂದರೆ, ಅವುಗಳಲ್ಲಿರುವ ಸಿ ಜೀವಸತ್ವ ಕಬ್ಬಿಣ ಹೀರಿಕೊಳ್ಳಲು ಬಹಳ ನೆರವಾಗುತ್ತದೆ. ಮಾಂಸಾಹಾರಿಗಳಿಗೆ ಕುರಿಯ ಮಾಂಸ ಮತ್ತು ಈಲಿಯಲ್ಲಿರುವ ಕಬ್ಬಿಣ ಇನ್ನೂ ಸುಲಭವಾಗಿ ದಕ್ಕುತ್ತದೆ. ಊಟದ ಜೊತೆಗೆ ಅಥವಾ ಊಟವಾದ ಕೂಡಲೇ ಕಾಫಿ, ಚಹಾ ಕುಡಿಯುವುದನ್ನು ಮಾತ್ರ ಬಿಡಿ. ಹಾಸನದ ಕಡೆಯವರಿಗೆ ಇದು ಕಷ್ಟವೆಂದು ಬಲ್ಲೆ, ಆದರೆ ಒಂದು ಗಂಟೆಯ ಅಂತರವಿಟ್ಟರೂ ಸಾಕು.

ಆಹಾರವೊಂದರಿಂದಲೇ ದಾಸ್ತಾನು ತುಂಬುವುದು ನಿಧಾನ. ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರಕ್ತದಾನದ ನಂತರ ದಿನಕ್ಕೆ 37.5 ಮಿ.ಗ್ರಾಂ ಕಬ್ಬಿಣ ಸೇವಿಸಿದವರು ಕಳೆದುಕೊಂಡ ಹಿಮೋಗ್ಲೋಬಿನ್‌ನ 80% ಭಾಗವನ್ನು ಸುಮಾರು ಒಂದು ತಿಂಗಳಲ್ಲಿ ಮರಳಿ ಪಡೆದರು; ಮೊದಲೇ ಫೆರಿಟಿನ್ ಕಡಿಮೆಯಿದ್ದು ಮಾತ್ರೆ ತೆಗೆದುಕೊಳ್ಳದವರಿಗೆ ಅದಕ್ಕೆ ಐದು ತಿಂಗಳು ಹಿಡಿಯಿತು. ಆದ್ದರಿಂದ ನಿಮ್ಮ ಫೆರಿಟಿನ್ ಕಡಿಮೆ ಬಂದರೆ ವೈದ್ಯರ ಸಲಹೆಯಂತೆ ಕೆಲವು ತಿಂಗಳು ಮಾತ್ರೆ ತೆಗೆದುಕೊಳ್ಳುವುದು ಸೂಕ್ತ. ದಿನ ಬಿಟ್ಟು ದಿನ ತೆಗೆದುಕೊಂಡರೆ ಪ್ರತಿ ಮಾತ್ರೆಯಿಂದ ದೇಹ ಹೀರಿಕೊಳ್ಳುವ ಪಾಲು ಹೆಚ್ಚುತ್ತದೆ, ಹೊಟ್ಟೆಯ ತೊಂದರೆಯೂ ಕಡಿಮೆಯಿರಬಹುದು. ಮಲ ಕಪ್ಪಾಗುವುದಕ್ಕೆ ಹೆದರಬೇಕಾಗಿಲ್ಲ. ಆದರೆ ಹಿಮೋಗ್ಲೋಬಿನ್ ಕಡಿಮೆಯಿದ್ದು ಫೆರಿಟಿನ್ ಸರಿಯಾಗಿದ್ದರೆ ಕಬ್ಬಿಣದ ಮಾತ್ರೆಯನ್ನು ನಿಮ್ಮಷ್ಟಕ್ಕೆ ನುಂಗುತ್ತಾ ಹೋಗಬೇಡಿ. ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕರಲ್ಲಿ ಹೀಗಾಗುವುದುಂಟು, ಅದಕ್ಕೆ ಬೇರೆ ಪರೀಕ್ಷೆ ಬೇಕು. ಮುಟ್ಟಿನಲ್ಲಿ ಅತಿಯಾದ ಸ್ರಾವವಿದ್ದರೆ ಅದರ ಚಿಕಿತ್ಸೆ ಮೊದಲಾಗಬೇಕು.

ನಿಮ್ಮ ತಾಯಿಯವರಿಗೆ ಇಷ್ಟನ್ನು ತಿಳಿಸಿ: ಆರೋಗ್ಯವಂತರ ಅಸ್ಥಿಮಜ್ಜೆ ಕಬ್ಬಿಣ ದೊರೆತರೆ ಹೋದ ರಕ್ತಕಣಗಳನ್ನು ಪೂರ್ತಿಯಾಗಿ ಮರಳಿ ತಯಾರಿಸುತ್ತದೆ, ಶಾಶ್ವತವಾದ ನಿಶ್ಶಕ್ತಿ ಉಳಿಯುವುದಿಲ್ಲ. ಅವರ ಆತಂಕವನ್ನು ಉಪೇಕ್ಷಿಸದೆ ವರದಿಯನ್ನು ಅವರಿಗೆ ತೋರಿಸಿ, ಮುಂದಿನ ಸಲ ಸಾಧ್ಯವಾದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ವರ್ಷಕ್ಕೆ ಒಂದೇ ಬಾರಿ, ಅದರಲ್ಲೂ ಕಾಲೇಜುಗಳಿಗೆ ರಜೆಯಿದ್ದು ಶಿಬಿರಗಳು ನಡೆಯದ ಏಪ್ರಿಲ್–ಮೇ ತಿಂಗಳಲ್ಲಿ ಆಸ್ಪತ್ರೆಯ ರಕ್ತನಿಧಿಗೇ ಹೋಗಿ ಕೊಟ್ಟರೆ, ಅದು ಜನಸಂದಣಿಯ ಶಿಬಿರದಲ್ಲಿ ಕೊಟ್ಟದ್ದಕ್ಕಿಂತ ಹೆಚ್ಚು ಉಪಯುಕ್ತ. ಅಲ್ಲಿ ನಿಮ್ಮನ್ನು ಗಮನಿಸಲು ಸಿಬ್ಬಂದಿಗೂ ಬಿಡುವಿರುತ್ತದೆ.

ಸೂಜಿ ಚುಚ್ಚಿದ ಕೈಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಪಟ್ಟಿಯನ್ನು ನಾಲ್ಕೈದು ಗಂಟೆ ತೆಗೆಯಬೇಡಿ, ಆ ಕೈಯಲ್ಲಿ ಅಂದು ಭಾರ ಹೊರಬೇಡಿ. ಮತ್ತೆ ರಕ್ತ ಜಿನುಗಿದರೆ ಕೈಯನ್ನು ಎತ್ತಿ ಹಿಡಿದು ಹತ್ತು ನಿಮಿಷ ಒತ್ತಿ ಹಿಡಿಯಿರಿ. ನೀಲಿಗಟ್ಟಿದರೆ ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಮರುದಿನದಿಂದ ಬೆಚ್ಚನೆಯ ಶಾಖ ಸಾಕು. ಒಂದೆರಡು ವಾರದಲ್ಲಿ ಕರಗುತ್ತದೆ. ಬೆರಳುಗಳಿಗೆ ಜೋಮು ಹಿಡಿದು ಬಿಡದಿದ್ದರೆ, ಊತ ಹೆಚ್ಚುತ್ತಲೇ ಹೋದರೆ ರಕ್ತನಿಧಿಯ ವೈದ್ಯರಿಗೆ ತೋರಿಸಬೇಕು. ದಾನದ ನಂತರದ ಒಂದೆರಡು ವಾರಗಳಲ್ಲಿ ನಿಮಗೆ ಜ್ವರ ಅಥವಾ ಕಾಮಾಲೆ ಕಾಣಿಸಿಕೊಂಡರೆ, ಅರ್ಜಿಯಲ್ಲಿ ಹೇಳಲು ಮರೆತ ಯಾವುದಾದರೂ ಔಷಧಿ ನೆನಪಾದರೆ, ತಡಮಾಡದೆ ಅದೇ ರಕ್ತನಿಧಿಗೆ ಕರೆ ಮಾಡಿ ತಿಳಿಸಿ. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳನ್ನು ಐದು ದಿನದೊಳಗೆ ಬಳಸಿಬಿಡುತ್ತಾರೆ, ಆದರೆ ಕೆಂಪು ರಕ್ತಕಣಗಳನ್ನು 35ರಿಂದ 42 ದಿನ ಶೀತಕದಲ್ಲಿ ಇಡುವುದರಿಂದ, ನಿಮ್ಮ ಕರೆ ಬಂದ ಹೊತ್ತಿಗೆ ಆ ಚೀಲ ಇನ್ನೂ ರೋಗಿಗೆ ತಲುಪದೆ ಅಲ್ಲಿಯೇ ಇರುವ ಸಾಧ್ಯತೆ ಇದೆ. ಹಾಗಿದ್ದರೆ ಅದನ್ನು ಹಿಂದಕ್ಕೆ ಪಡೆದು ಮತ್ತೊಮ್ಮೆ ಪರಿಶೀಲಿಸಲು ಸಾಧ್ಯವಾಗುತ್ತದೆ.